ನತ್ತಿಲ್ಲದ ಹೇಮಾವತಿ

ಭಾನುವಾರ ಬೆಳಿಗ್ಗೆ ವಿಶ್ವಾರಾಧ್ಯನ ಫೋನು ಟಿಂಗ್ ಎಂದಿತು. ಕಾಫಿ ಲೋಟ ಹಿಡಿದುಕೊಂಡೇ ನೋಡಿದ. ಸಾಹೇಬರ ಮೆಸೇಜು. ‘ಪುಸ್ತಕ ಚೆನ್ನಾಗಿದೆ. ಇವತ್ತು ನಿಮ್ಮ ಮನೆಗೆ ಬರುತ್ತೇನೆ.’ ಲೋಟ ಅವನ ಕೈಯಲ್ಲೇ ಉಳಿಯಿತು, ಕಾಫಿ ಮಾತ್ರ ಪಂಚೆಯ ಮೇಲೆ ಹೋಯಿತು.

“ಸುಮನಾ, ಸಾಹೇಬ್ರಿಗೆ ನನ್ನ ಪುಸ್ತಕದ ವಿಷ್ಯ ಹೆಂಗೆ ಗೊತ್ತಾಯ್ತೇ?”

“ನಾನೇ ಕಣ್ರೀ ನಿನ್ನೆ ನಿಮ್ಮ ಫೋನಿಂದ ಸ್ಟೇಟಸ್ ಹಾಕಿದ್ದು,” ಹೆಂಡತಿ ಒಳಗಿನಿಂದ ಹೇಳಿದಳು. “ಆ ಹಳೇ ಪುಸ್ತಕಾನ ಬಾಣಂತಿ ಮಗು ಎತ್ಕೊಂಡಂಗೆ ಎತ್ಕೊಂಡು ಕೂತಿದ್ರಲ್ಲ, ಆ ಫೋಟೋ. ಚೆನ್ನಾಗ್ ಬಂದಿತ್ತು. ಎಲ್ಲ ನೋಡವ್ರೆ.”

ಎಲ್ಲರೂ ನೋಡಲಿ, ಅದಕ್ಕೆ ಅವನ ತಕರಾರಿರಲಿಲ್ಲ. ಓಂಕಾರಮೂರ್ತಿ ಸಾಹೇಬರು ನೋಡಬಾರದಿತ್ತು. ನೋಡಿದರೂ ‘ಚೆನ್ನಾಗಿದೆ’ ಅನ್ನಬಾರದಿತ್ತು. ಅಜ್ಜಂಪುರದ ಅವರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ವಿಶ್ವಾರಾಧ್ಯನಿಗೆ ಆ ಒಂದು ಮಾತಿನ ಬಗ್ಗೆ ಎದುರು ಮೇಜಿನ ಸತೀಶ ಹಿಂದೆಯೇ ಎಚ್ಚರಿಸಿದ್ದ. “ವಿಶ್ವಣ್ಣ, ಸಾಹೇಬ್ರು ಯಾವುದನ್ನ ಚೆನ್ನಾಗಿದೆ ಅಂತಾರೋ ಅದು ಸಂಜೆ ಹೊತ್ಗೆ ಅವ್ರ ಜೀಪಲ್ಲಿರ್ತದೆ. ಹಿರೇನಲ್ಲೂರಿಗೆ ಹೋದಾಗ ಜೀಪಲ್ಲಿ ಹಲಸಿನ ಮರದ ಕುರ್ಚಿ ಇತ್ತು, ಚೌಳಹಿರಿಯೂರಿಗೆ ಹೋದಾಗ ಹಿತ್ತಾಳೆ ದೀಪದ ಕಂಬ. ನನ್ನ ಕಣ್ಣಾರೆ ಕಂಡಿದೀನಿ.” ಕಂಡದ್ದು ಎಷ್ಟು, ಕಟ್ಟಿದ್ದು ಎಷ್ಟು ಎಂದು ಸತೀಶನನ್ನು ಕೇಳುವವರು ಆ ಕಚೇರಿಯಲ್ಲಿ ಇರಲಿಲ್ಲ. ಸಾಹೇಬರು ಕೇಳಿದರೆ ಕೊಡಲ್ಲ ಅನ್ನುವ ನಾಲಿಗೆಯನ್ನಂತೂ ದೇವರು ವಿಶ್ವಾರಾಧ್ಯನಿಗೆ ಕೊಟ್ಟಿರಲಿಲ್ಲ. ಅವನಿಗೆ ನಿಜವಾಗಿಯೂ ಭಯವಾಯಿತು. ಒದ್ದೆ ಪಂಚೆಯಲ್ಲೇ ಕೂತುಬಿಟ್ಟ.

ಪುಸ್ತಕ ಅಂಥಾದ್ದು. ‘ಹೇಮಾವತಿಯ ನತ್ತು ಅಥವಾ ನಡುರಾತ್ರಿಯ ನೆಂಟ’ ಎಂಬ ಅಜ್ಜನ ಕಾಲದ ಪತ್ತೇದಾರಿ ಕಾದಂಬರಿ. ಕಳುವಾದ ನತ್ತಿನದೇ ಕತೆ, ಪುಸ್ತಕದ ಹೆಸರಿನಲ್ಲೇ ನತ್ತು. ಆದರೆ ಮೊದಲ ಮುದ್ರಣದ ರಟ್ಟಿನ ಮೇಲೆ ಹೇಮಾವತಿಯ ಚಿತ್ರ ಬರೆದ ಪುಣ್ಯಾತ್ಮ ನತ್ತು ಬರೆಯುವುದನ್ನೇ ಮರೆತಿದ್ದ. ಓದುಗರು ಬೈದರು. ಎರಡನೇ ಮುದ್ರಣದಲ್ಲಿ ಮೂಗಿಗೆ ನತ್ತು ಬಂತು. ನತ್ತಿರುವ ಹೇಮಾವತಿ ಹಳೇ ಪುಸ್ತಕದ ಅಂಗಡಿಗಳಲ್ಲಿ ಕಾಲಿಗೆ ತೊಡರುವಷ್ಟು ಸಿಗುತ್ತಾಳೆ. ನತ್ತಿಲ್ಲದವಳಿಗಾಗಿ ವಿಶ್ವಾರಾಧ್ಯ ಕಡೂರು, ಬೀರೂರು ಎಲ್ಲ ಸುತ್ತಿ, ಕಡೆಗೆ ತರೀಕೆರೆಯ ಗುಜರಿ ಅಂಗಡಿಯಲ್ಲಿ ತಕ್ಕಡಿಯ ಮೇಲಿಂದ ಅವಳನ್ನು ಎತ್ತಿಕೊಂಡು ಬಂದಿದ್ದ. ಮೊದಲ ಮುದ್ರಣಗಳನ್ನು ಕೂಡಿಹಾಕುವ ಹುಚ್ಚು ಅವನದು. ಬೀರುವಿನ ತುಂಬ ಅವೇ. ಉಳಿದವೆಲ್ಲ ಹೋದರೂ ಹೇಗೋ ತಡೆದುಕೊಂಡಾನು, ಹೇಮಾವತಿ ಹೋದರೆ ಅವನು ಉಳಿಯುವವನಲ್ಲ.

“ಬಚ್ಚಿಡ್ಬೇಕು,” ಎಂದು ಎದ್ದ. “ಎಲ್ಲಾನೂ ಬಚ್ಚಿಡ್ಬೇಕು. ಒಂದು ಪುಸ್ತಕಾನೂ ಅವ್ರ ಕಣ್ಣಿಗೆ ಬೀಳಬಾರ್ದು.”

“ಬೀರು ಖಾಲಿ ಮಾಡ್ತೀರಾ?” ಸುಮನಾಳ ಮುಖ ಅರಳಿತು. “ನನ್ನ ಸ್ಟೀಲ್ ಪಾತ್ರೆ ಇಟ್ಕೊಳ್ಳಲಾ ಹಂಗಾರೆ?”

ಅಷ್ಟರಲ್ಲಿ ಪಕ್ಕದ ಮನೆಯ ತೀರ್ಥಪ್ಪ ಕಾಂಪೌಂಡಿನ ಮೇಲಿಂದ ಇಣುಕಿದರು. ಈರುಳ್ಳಿ ಮಂಡಿಯ ಯಜಮಾನರು. ಬೀದಿಯಲ್ಲಿ ಯಾರ ಮನೆಯಲ್ಲಿ ಸೂಜಿ ಬಿದ್ದರೂ ಅವರಿಗೆ ಕೇಳಿಸುತ್ತದೆ, ಬಂದು ಎತ್ತಿಕೊಡುತ್ತಾರೆ, ಎತ್ತುವಾಗ ಇನ್ನೆರಡು ಬೀಳಿಸುತ್ತಾರೆ. ವಿಷಯ ತಿಳಿದದ್ದೇ ಪಂಚೆ ಎತ್ತಿ ಕಟ್ಟಿದರು.

“ಇಷ್ಟಕ್ಕೆ ಯಾಕಪ್ಪಾ ವಿಶ್ವ ಹಿಂಗೆ ಬೆವರ್ತೀಯ? ಮಂಡೀಲಿ ಖಾಲಿ ಚೀಲ ಬೇಕಾದಷ್ಟವೆ. ತುಂಬಿ ಈರುಳ್ಳಿ ಜೊತೆ ನಿಲ್ಲಿಸ್ಬಿಡೋಣ. ಯಾವ ಸಾಹೇಬ್ರೂ ಮೂಸಲ್ಲ.”

ಬೇಡ ಅನ್ನುವಷ್ಟರಲ್ಲಿ ಚೀಲ ಬಂದವು. ಒಂದೊಂದಕ್ಕೂ ಟ್ರೇಸಿಂಗ್ ಕಾಗದದ ಹೊದಿಕೆ ಹಾಕಿ, ಬೇವಿನೆಲೆ ಇಟ್ಟು, ಉಸಿರು ತಾಗಿದರೂ ಹಾಳಾದೀತು ಎಂದು ಕಾಪಾಡಿಕೊಂಡು ಬಂದಿದ್ದ ಪುಸ್ತಕಗಳನ್ನು ತೀರ್ಥಪ್ಪ ಸಿಪ್ಪೆ ಅಂಟಿದ ಚೀಲಕ್ಕೆ ಸುರಿದು, ದಬ್ಬಳದಿಂದ ಬಾಯಿ ಹೊಲಿದು, ಲಗೇಜ್ ಆಟೋಗೆ ಎಸೆದರು. ಪ್ರತಿ ಸಲ ದೊಪ್ಪೆಂದಾಗಲೂ ವಿಶ್ವಾರಾಧ್ಯ ಎದೆ ಹಿಡಿದುಕೊಂಡ. ಹೇಮಾವತಿಯನ್ನು ಮಾತ್ರ ಅವನು ಕೊಡಲಿಲ್ಲ.

ಅವಳನ್ನು ಟವೆಲ್ಲಿನಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನೊಳಗೆ ಇಟ್ಟ. ಅಕ್ಕಿಯಲ್ಲಿ ಹುಳು ಇದೆ ಎಂದು ನೆನಪಾಗಿ ತೆಗೆದ. ಅಟ್ಟದ ಮೇಲಿಟ್ಟ. ಅಷ್ಟರಲ್ಲಿ, ಸಾಹೇಬರು ಬರುವ ಸುದ್ದಿ ಆಗಲೇ ಕಿವಿಗೆ ಬಿದ್ದಿದ್ದ ಸತೀಶ ಫೋನು ಮಾಡಿದ.

“ಎಲ್ಲಿಟ್ರಿ ವಿಶ್ವಣ್ಣ?”

“ಅಟ್ಟದ ಮೇಲೆ.”

“ಅಯ್ಯೋ, ಅಟ್ಟಾನ ಬಿಡ್ತಾರಾ ಅವ್ರು. ಹೊರಟವ್ರಂತೆ ಕಣ್ರೀ. ಜೀಪ್ ಆಗ್ಲೇ ಶಿವನಿ ಸ್ಟೇಷನ್ ಹತ್ರ ಕಂಡಿತ್ತಂತೆ. ಹುಷಾರು.”

ವಿಶ್ವಾರಾಧ್ಯ ಫೋನು ಇಟ್ಟ. ಪುಸ್ತಕ ಇಳಿಸಿಕೊಂಡು ಹಿತ್ತಲಿಗೆ ಓಡಿದ. ಅಲ್ಲಿ ತೀರ್ಥಪ್ಪನವರ ಹೆಂಡತಿ ವಿಶಾಲಾಕ್ಷಮ್ಮ ಹೂ ಬಿಡಿಸುತ್ತಿದ್ದರು.

“ನಮ್ಮ ದೇವರ ಮನೇಲಿಡು ತಮ್ಮಾ,” ಎಂದರು ನಿಧಾನವಾಗಿ. “ಎಂಥಾ ಸಾಹೇಬ ಆದ್ರೂ ಇನ್ನೊಬ್ಬರ ದೇವರ ಮನೆಗೆ ಕೈ ಹಾಕಲ್ಲ.”

ಅವರು ಆಡಿದ್ದು ಸತ್ಯವಾದ ಮಾತು. ತೀರ್ಥಪ್ಪನೂ ಮಂಡಿಯಿಂದ ವಾಪಸು ಬಂದು ಅದಕ್ಕೆ ತಮ್ಮ ಬುದ್ಧಿ ಜೋಡಿಸಿದರು. “ಕೇಳಿದ್ರೆ ಪುಸ್ತಕ ಪಕ್ಕದ ಮನೆಯೋರ್ದು ಅಂದ್ಬಿಡು. ನೀನು ಅವ್ರ ಕೈಕೆಳಗಿನೋನು, ನಿನಗೆ ಇಲ್ಲ ಅನ್ನೋಕಾಗಲ್ಲ. ನನಗೇನು? ಕೊಡಲ್ಲ ಹೋಗಿ ಸ್ವಾಮಿ ಅಂತೀನಿ.” ಬೆಳಗಿನಿಂದ ಮೊದಲ ಸಲ ವಿಶ್ವಾರಾಧ್ಯನಿಗೆ ಉಸಿರು ನೆಟ್ಟಗೆ ಬಂತು. ಹೇಮಾವತಿಯನ್ನು ವಿಶಾಲಾಕ್ಷಮ್ಮನ ಕೈಗಿಟ್ಟು ಮನೆಗೆ ಬಂದು ಸ್ನಾನ ಮಾಡಿ, ಶಿವಪೂಜೆ ಮುಗಿಸಿ, ಒಗೆದ ಅಂಗಿ ತೊಟ್ಟು, ಬಾಗಿಲಲ್ಲಿ ನಿಂತ.

ಪಕ್ಕದ ಮನೆಯಿಂದ ಗಂಟೆ ಕೇಳಿಸಿತು. ಮಂಗಳಾರತಿಯ ಗಂಟೆ.

“ಇವತ್ತೇನೇ ವಿಶೇಷ?” ಎಂದ.

“ಸರಸ್ವತಿ ಪೂಜೆ ಅಲ್ವೇನ್ರೀ. ಎಲ್ರೂ ಪುಸ್ತಕ ಇಟ್ಟು ಪೂಜೆ ಮಾಡ್ತಾರೆ,” ಎಂದಳು ಸುಮನಾ, ಅವನ ಬೀರುವಿನಲ್ಲಿ ಉಪ್ಪಿನಕಾಯಿ ಜಾಡಿ ಜೋಡಿಸುತ್ತ.

ಚಪ್ಪಲಿ ಹಾಕಿಕೊಳ್ಳದೆ ಓಡಿದ. ತೀರ್ಥಪ್ಪನವರ ದೇವರ ಮನೆಯಲ್ಲಿ ಮೊಮ್ಮಗಳು ನಯನಳ ಎಸ್ಸೆಸ್ಸೆಲ್ಸಿ ಗೈಡುಗಳ ರಾಶಿ, ಅದರ ತುದಿಯಲ್ಲಿ ಟವೆಲ್ಲು ಬಿಚ್ಚಿಕೊಂಡು ಹೇಮಾವತಿ ಕೂತಿದ್ದಳು. ಕೊರಳಿಗೆ ಸೇವಂತಿಗೆ ಹಾರ. ರಟ್ಟಿನ ಮೇಲೆ, ಅವಳ ಹಣೆಯ ನೇರಕ್ಕೆ, ನೀರಲ್ಲಿ ಕಲಸಿದ ವಿಭೂತಿಯ ಮೂರು ಬೆರಳಿನ ಪಟ್ಟೆ, ಇನ್ನೂ ಹಸಿಯಾಗಿಯೇ. ಎಲ್ಲಕ್ಕಿಂತ ಮಿಗಿಲಾಗಿ, ಆ ಬೋಳು ಮೂಗಿನ ಮೇಲೆ ಮಿಣಮಿಣ ಹೊಳೆಯುವ ಕಲ್ಲಿನದೊಂದು ಸ್ಟಿಕ್ಕರ್ ಬಿಂದಿ.

“ಅಕ್ಕಾ,” ಎಂದ. ಹೇಮಾವತಿಯ ಮೂಗಿನ ಕಡೆ ಬೆರಳು ತೋರಿಸಿದ.

“ನೋಡು, ಎಷ್ಟು ಲಕ್ಷಣವಾಗಿ ಕಾಣ್ತಾಳೆ. ಪಾಪ, ಮೂಗು ಬೋಳಾಗಿತ್ತು. ಹಬ್ಬದ ದಿನ ಹೆಣ್ಮಗಳನ್ನ ಹಂಗೆ ಕೂರಿಸೋಕೆ ನನಗೆ ಮನಸ್ಸು ಬರ್ಲಿಲ್ಲ. ನಯನನ ಬಿಂದಿ ತೆಗೆದು ಅಂಟಿಸ್ದೆ. ಅಂಟ್ಲಿಲ್ಲ, ಅದಕ್ಕೆ ಒಂಚೂರು ಫೆವಿಕ್ವಿಕ್ ಹಾಕ್ದೆ.”

ಆ ಮೂಗು ಬೋಳಾಗಿದ್ದದ್ದಕ್ಕೇ ಅವನು ಊರೂರು ಅಲೆದಿದ್ದು ಎಂದು ಯಾವ ಬಾಯಿಂದ ಹೇಳುವುದು. ಕೈ ಚಾಚಿದ. ವಿಶಾಲಾಕ್ಷಮ್ಮ ಆ ಕೈಯ ಮೇಲೆ ಪಟ್ಟನೆ ಹೊಡೆದರು.

“ಮುಟ್ಬೇಡ. ಪೂಜೆಗೆ ಕೂರಿಸಿದ ಪುಸ್ತಕ ವಿಜಯದಶಮಿ ತನಕ ಕದಲಿಸಂಗಿಲ್ಲ. ನಯನಂಗೆ ಈ ಸಲ ಪರೀಕ್ಷೆ ಐತೆ.”

ಹೊರಗೆ ಜೀಪಿನ ಸದ್ದಾಯಿತು. ವಿಶ್ವಾರಾಧ್ಯ ಕಿಟಕಿಯಿಂದ ನೋಡಿದ. ಜೀಪಿನ ಹಿಂದೆ ಟಾರ್ಪಾಲು ಮುಚ್ಚಿದ ಏನೇನೋ ಸಾಮಾನು. ಬರುತ್ತ ದಾರಿಯಲ್ಲಿ ಇನ್ನೆಷ್ಟು ಮನೆಗಳಲ್ಲಿ ‘ಚೆನ್ನಾಗಿದೆ’ ಅಂದು ಬಂದಿದ್ದಾರೋ ಎಂದುಕೊಂಡ. ಹಿತ್ತಲ ದಾರಿಯಲ್ಲಿ ಮನೆಗೆ ಓಡಿದ.

ಸಾಹೇಬರು ಒಳಗೆ ಬಂದು ನೇರ ಬೀರುವಿನ ಮುಂದೆ ನಿಂತರು. ಅಲ್ಲಿ ಡಬರಿ, ಕುಕ್ಕರು, ಉಪ್ಪಿನಕಾಯಿ ಜಾಡಿ. ಕುಕ್ಕರು ಸರಿಸಿ ಹಿಂದೆ ಇಣುಕಿದರು.

“ಪುಸ್ತಕಗಳೆಲ್ಲಿ ವಿಶ್ವಾರಾಧ್ಯ?”

“ಪುಸ್ತಕ ಇಲ್ಲ ಸಾರ್.”

“ಫೋಟೋದಲ್ಲಿ ಇತ್ತಲ್ಲ, ಹೇಮಾವತಿಯ ನತ್ತು. ಮೊದಲ ಮುದ್ರಣ.”

ಅವರಿಗೆ ಮುದ್ರಣವೂ ಗೊತ್ತು. ವಿಶ್ವಾರಾಧ್ಯ ತೀರ್ಥಪ್ಪ ಕಲಿಸಿದ್ದನ್ನು ಒಪ್ಪಿಸಿದ. “ಅದು ಪಕ್ಕದ ಮನೆಯೋರದು ಸಾರ್. ಸುಮ್ನೆ ಫೋಟೋಗೆ ಅಂತ ಹಿಡ್ಕೊಂಡಿದ್ದೆ.”

“ನಿಮಗೆ ಓದೋ ಅಭ್ಯಾಸ ಇಲ್ಲವೆ?”

“ಇಲ್ಲ ಸಾರ್. ಪೇಪರ್ ಕೂಡ ಓದಲ್ಲ.”

ಸಾಹೇಬರ ಮುಖ ಇಳಿದುಹೋಯಿತು. ತಪ್ಪಿಸಿಕೊಂಡೆ ಎಂದುಕೊಳ್ಳುವಷ್ಟರಲ್ಲಿ, ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತಿದ್ದ ತೀರ್ಥಪ್ಪ ಗಂಟಲು ಸರಿಮಾಡಿಕೊಂಡರು. “ನಮ್ದೇ ಸ್ವಾಮಿ ಪುಸ್ತಕ. ದೇವರ ಮನೇಲೈತೆ, ಬನ್ನಿ ತೋರಿಸ್ತೀನಿ.” ಬೇಡ ಬೇಡ ಎಂದು ವಿಶ್ವಾರಾಧ್ಯ ಕಣ್ಣಲ್ಲೇ ಬೇಡಿಕೊಂಡ. ತೀರ್ಥಪ್ಪ ಆ ಕಡೆ ನೋಡಲೇ ಇಲ್ಲ.

ಸಾಹೇಬರು ಬೂಟು ಬಿಚ್ಚಿ, ಕಾಲು ತೊಳೆದು, ದೇವರ ಮನೆಯ ಹೊಸ್ತಿಲಲ್ಲಿ ನಿಂತರು. ಹಾರ, ವಿಭೂತಿ, ಮೂಗಿನ ಕಲ್ಲು ಎಲ್ಲವನ್ನೂ ನೋಡಿದರು. ಆಮೇಲೆ ಕೈ ಮುಗಿದರು. “ಚೆನ್ನಾಗಿದೆ,” ಎಂದರು.

ವಿಶ್ವಾರಾಧ್ಯ ಕಂಬ ಹಿಡಿದುಕೊಂಡ. ಮುಗಿಯಿತು ಕತೆ. ಸಾಹೇಬರು ಬಾಗಿಲ ಕಡೆ ತಿರುಗಿ ಡ್ರೈವರನ್ನು ಕರೆದರು. “ಬಸವೇಶ್, ಟ್ರಂಕುಗಳನ್ನ ಇಳಿಸಪ್ಪ.”

ತುಂಬಿಸು ಅನ್ನಲಿಲ್ಲ, ಇಳಿಸು ಅಂದರು. ಟಾರ್ಪಾಲು ಸರಿಯಿತು. ತಗಡಿನ ಟ್ರಂಕುಗಳು ಒಂದೊಂದಾಗಿ ತೀರ್ಥಪ್ಪನ ಪಡಸಾಲೆಗೆ ಬಂದವು. ಸಾಹೇಬರು ಒಂದರ ಮುಚ್ಚಳ ತೆಗೆದರು. ವಿಶ್ವಾರಾಧ್ಯ ಇಣುಕಿ ನೋಡಿದ. ಬರೀ ಹೆಸರು ಕೇಳಿ ಕನವರಿಸಿದ್ದ ಪುಸ್ತಕಗಳು, ಎಲ್ಲ ಮೊದಲ ಮುದ್ರಣ, ಒಂದರ ಮೂಲೆಯೂ ಮಡಿಚಿರಲಿಲ್ಲ.

“ಮುಂದಿನ ತಿಂಗಳು ನಾನು ರಿಟೈರ್ ಆಗ್ತೀನಿ ತೀರ್ಥಪ್ಪನವರೇ,” ಎಂದರು ಸಾಹೇಬರು. “ಮಗಳ ಮನೆ ಚಿಕ್ಕದು. ಅದಕ್ಕೇ ಮನೆ ಸಾಮಾನೆಲ್ಲ ಬೇಕಾದೋರಿಗೆ ಕೊಡ್ತಾ ಬಂದಿದೀನಿ. ಕುರ್ಚಿ ಹಿರೇನಲ್ಲೂರಿಗೆ ಹೋಯ್ತು, ದೀಪದ ಕಂಬ ಚೌಳಹಿರಿಯೂರಿಗೆ. ಪುಸ್ತಕ ಮಾತ್ರ ಯಾರಿಗೆ ಕೊಡೋದು ತಿಳಿದಿರಲಿಲ್ಲ. ನಿನ್ನೆ ಫೋಟೋ ನೋಡಿ ವಿಶ್ವಾರಾಧ್ಯಂಗೆ ಕೊಡೋಣ ಅಂತ ಬಂದೆ. ಅವರಿಗೆ ಓದೋ ಅಭ್ಯಾಸವೇ ಇಲ್ಲವಂತೆ. ನಾನು ಪುಸ್ತಕಾನ ಗಾಜಿನ ಹಿಂದೆ ಇಟ್ಟೆ, ನೀವು ದೇವರ ಪಕ್ಕ ಇಟ್ಟಿದ್ದೀರಿ. ಇವನ್ನೆಲ್ಲ ನೀವೇ ಇಟ್ಕೊಳ್ಳಿ.”

ವಿಶ್ವಾರಾಧ್ಯನ ಭಯವೆಲ್ಲ ಆಗ ಹೊಸದೊಂದು ಭಯಕ್ಕೆ ಜಾಗ ಬಿಟ್ಟುಕೊಟ್ಟಿತು. “ಸಾರ್,” ಎಂದು ಮುಂದೆ ಬಿದ್ದ, “ನಿಜ ಹೇಳ್ತೀನಿ ಸಾರ್, ಆ ಪುಸ್ತಕ ನಂದೇ.”

ಸಾಹೇಬರು ಅವನನ್ನು ಕನಿಕರದಿಂದ ನೋಡಿದರು. “ಟ್ರಂಕು ಕಂಡ ಮೇಲೆ ಓದೋ ಅಭ್ಯಾಸ ಬಂತೆ?”

“ಇಲ್ಲ ಸಾರ್, ಬೀರು ತುಂಬ ಪುಸ್ತಕ ಇದ್ವು. ಬೇಕಾದ್ರೆ ತೋರಿಸ್ತೀನಿ, ಮಂಡೀಲಿ ಈರುಳ್ಳಿ ಚೀಲದಲ್ಲಿ ತುಂಬಿಟ್ಟಿದೀನಿ.”

“ಈರುಳ್ಳಿ ಚೀಲದಲ್ಲಿ,” ಎಂದರು ಸಾಹೇಬರು ಮೆಲ್ಲಗೆ. “ಪುಸ್ತಕವನ್ನ.” ಅವನ ಕಡೆಗೆ ಬೆನ್ನು ತಿರುಗಿಸಿದರು. ವಿಶಾಲಾಕ್ಷಮ್ಮನಿಗೆ ಕೈ ಮುಗಿದು, ಪ್ರತಿ ವರ್ಷ ಸರಸ್ವತಿ ಪೂಜೆಗೆ ಬಂದು ಹೇಮಾವತಿಯನ್ನೂ ಈ ಪುಸ್ತಕಗಳನ್ನೂ ಒಟ್ಟಿಗೆ ನೋಡಿ ಹೋಗುತ್ತೇನೆ ಎಂದು ಹೇಳಿ ಜೀಪು ಹತ್ತಿದರು.

ಧೂಳು ಅಡಗಿದ ಮೇಲೆ ವಿಶ್ವಾರಾಧ್ಯ ತೀರ್ಥಪ್ಪನ ಕೈ ಹಿಡಿದ. “ಅಣ್ಣಾ, ವಿಜಯದಶಮಿ ಆದ್ಮೇಲಾದ್ರೂ ನನ್ನ ಹೇಮಾವತಿ ಕೊಡ್ತೀರಲ್ವ?”

“ನನಗೇನೋ ಕೊಡೋಕೆ ಅಡ್ಡಿಯಿಲ್ಲಪ್ಪ,” ತೀರ್ಥಪ್ಪ ನಿಜವಾಗಿಯೂ ಸಂಕಟಪಟ್ಟರು. “ಆದ್ರೆ ಸಾಹೇಬ್ರು ವರ್ಷಾ ವರ್ಷಾ ಬತ್ತೀನಿ ಅಂದವ್ರೆ. ಬಂದಾಗ ಇಲ್ದಿದ್ರೆ ದೊಡ್ಡ ಮನುಷ್ಯರಿಗೆ ಏನ್ ಹೇಳ್ಲಿ? ಅದು ನಮ್ದು ಅಂತ ನೀನೇ ನಿನ್ನ ಬಾಯಲ್ಲಿ ಹೇಳ್ದೆ.” ಟ್ರಂಕುಗಳನ್ನು ಒಮ್ಮೆ ನೋಡಿ ತಲೆ ಕೆರೆದುಕೊಂಡರು. “ಇವು ಹಿಂಗೇ ಇದ್ರೆ ಇಲಿ ಕಡೀತಾವೆ. ನಿನ್ನ ಆ ಬೀರು ಈಗ ಹೆಂಗೂ ಪಾತ್ರೆ ಇಡೋಕೆ ಅಂತ ಇರೋದು. ಅದನ್ನ ಕೊಟ್ಬಿಡಪ್ಪ. ಸುಮನಂಗೆ ನಾನು ಒಳ್ಳೇ ಸ್ಟೀಲ್ ಸ್ಟ್ಯಾಂಡ್ ತಂದ್ಕೊಡ್ತೀನಿ.”

ಹಿಂದೆಯೇ ಬಂದು ನಿಂತಿದ್ದ ಸುಮನಾ ಆಗಲೇ ಮನೆಗೆ ಹೋಗಿ ಪಾತ್ರೆ ಇಳಿಸತೊಡಗಿದ್ದಳು.

ಮಂಡಿಯ ಹಮಾಲಿ ಓಬಳಪ್ಪ ಬೀರುವಿನ ಒಂದು ತುದಿ ಹಿಡಿದ. ಇನ್ನೊಂದು ತುದಿಗೆ ಜನ ಇರಲಿಲ್ಲವಾಗಿ ವಿಶ್ವಾರಾಧ್ಯನೇ ಹಿಡಿದ. ಇಬ್ಬರೂ ಏದುಸಿರು ಬಿಡುತ್ತ ಪಕ್ಕದ ಮನೆಯ ಮೆಟ್ಟಿಲು ಹತ್ತುವಾಗ ವಿಶಾಲಾಕ್ಷಮ್ಮ ಬಾಗಿಲಿಗೆ ಅಡ್ಡ ನಿಂತು ನೀರಿನ ಚೊಂಬು ಮುಂದೆ ಚಾಚಿದರು.

“ತಮ್ಮಾ, ಕಾಲು ತೊಳ್ಕೊಂಡು ಒಳಗೆ ಬಾ. ಇದು ಪುಸ್ತಕ ಇರೋ ಮನೆ.”