ಟೇಪಿಲ್ಲದ ಖಾಸಿಂ ಸಾಬರು

ಯಾರನ್ನೇ ಆಗಲಿ, ಅವರವರ ಜಾಗದಲ್ಲಿ ಕಂಡರಷ್ಟೇ ಗುರುತಿಸುವ ರೋಗ ನನಗಿದೆ. ಬಸ್ಸಿನಲ್ಲಿ ದಿನಾ ಮಾತಾಡಿಸುವ ಕಂಡಕ್ಟರು ಲುಂಗಿಯುಟ್ಟು ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಕ್ಕರೆ, ಯಾರಿವನು ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಚನ್ನಗಿರಿಯಂಥ ಊರಿನಲ್ಲಿ ನಿವೃತ್ತ ಮೇಷ್ಟರಿಗೆ ಇದು ಶೋಭೆಯಲ್ಲ. ಜನ ಸೊಕ್ಕು ಅನ್ನುತ್ತಾರೆ.

ಹಾಗಿದ್ದೂ ಮೊನ್ನೆ, ಫೋಟೋ ನೋಡಿ ಪ್ರಾಣಿಯ ಹೆಸರು ಹೇಳುವ ಮಗಳ ಮೊಬೈಲನ್ನು ಗೇಲಿ ಮಾಡಿದೆ. ಸೂಳೆಕೆರೆಯಲ್ಲಿ ಕುತ್ತಿಗೆಮಟ್ಟ ಮುಳುಗಿದ್ದ ಎಮ್ಮೆಯ ಫೋಟೋ ನೋಡಿ ಅದು ನೀರಾನೆ ಎಂದಿತ್ತು. ಅದೇ ಎಮ್ಮೆ ಕೊಟ್ಟಿಗೆಯಲ್ಲಿ ಹುಲ್ಲು ತಿನ್ನುವಾಗ ತೆಗೆದ ಫೋಟೋಗೆ ಸರಿಯಾಗಿ ಎಮ್ಮೆ ಎಂದಿತು.

"ಅದು ಎಮ್ಮೆ ಒಂದನ್ನೇ ನೋಡಲ್ಲ ಅಪ್ಪ, ಸುತ್ತಮುತ್ತ ಏನೈತೆ ಅಂತಾನೂ ನೋಡ್ತೈತೆ. ನೀವೂ ಹಂಗೇ ಅಲ್ವಾ?" ಎಂದಳು ಮಗಳು. ಯೋಚಿಸಿದರೆ ನಿಜ. ಸಕ್ಕರೆ ಡಬ್ಬಿಯನ್ನು ನಾನು ಗುರುತಿಸುವುದು ಚಹಾಪುಡಿಯ ಪಕ್ಕದಲ್ಲಿರುವುದರಿಂದ. ಹೆಂಡತಿ ಡಬ್ಬಿಗಳ ಜಾಗ ಬದಲಿಸಿದ ದಿನ ಉಪ್ಪಿನ ಚಹಾ ಕುಡಿದಿದ್ದೇನೆ.

ಖಾಸಿಂ ಸಾಬರು ಇಪ್ಪತ್ತು ವರ್ಷದಿಂದ ನನ್ನ ದರ್ಜಿ. ಕೊರಳಲ್ಲಿ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ, ಮಿಷನ್ ಮೇಲೆ ಬಗ್ಗಿದ ತಲೆ. ತಮ್ಮ ಮಗಳ ಮದುವೆ ಕಾರ್ಡು ಕೊಡುವಾಗಲೂ ತಲೆ ಪೂರ್ತಿ ಎತ್ತಲಿಲ್ಲ. "ಹೊನ್ನಾಳಿಯಾಗೆ ಮದುವೆ. ಬೀಗರ ಮುಂದೆ ನಮ್ಮ ಕಡೆ ಮಂದಿ ಕಮ್ಮಿ. ನೀವು ಬಂದ್ರೆ ನನಗೊಂದು ಮರ್ಯಾದಿ, ಮೇಷ್ಟ್ರೇ" ಎಂದರು. ಆ ಮಾತು ಮನಸ್ಸಿಗೆ ತಟ್ಟಿತು. ಹೊಸ ಅಂಗಿ ತೊಟ್ಟು ಹೊರಟೆ.

ಛತ್ರದ ಬಾಗಿಲಲ್ಲಿ ಶೇರ್ವಾನಿ, ಜರಿ ಟೋಪಿಯ ಹಿರಿಯರೊಬ್ಬರು ಎರಡೂ ಕೈ ಚಾಚಿ ಬಂದರು. ಹಿಂದೆ ಬೀಗರ ಗುಂಪು. ಗಂಡಿನ ಕಡೆಯ ಯಾರೋ ದೊಡ್ಡವರಿರಬೇಕೆಂದು ವಿನಯದಿಂದ ಕೇಳಿದೆ: "ಹುಡುಗಿಯ ತಂದೆ ಖಾಸಿಂ ಸಾಬರು ಎಲ್ಲಿದ್ದಾರ್ರೀ? ನಾನು ಅವರಿಗೆ ತುಂಬಾ ಬೇಕಾದವನು."

ಚಾಚಿದ ಕೈ ಹಾಗೇ ನಿಂತಿತು. ಬೀಗರು ಮುಖ ಮುಖ ನೋಡಿಕೊಂಡರು.

"ನಾನೇ, ಮೇಷ್ಟ್ರೇ."

ದನಿ ಗುರುತು ಸಿಕ್ಕಿತು. ನೆಲ ಬಾಯಿಬಿಡಬಾರದೇ ಅನಿಸಿತು. ಅವರ ಮರ್ಯಾದೆ ಕಾಯಲು ಬಂದವನು ಬಾಗಿಲಲ್ಲೇ ಅದನ್ನು ಕಳೆದಿದ್ದೆ. ಸಾಬರೇ ಸಾವರಿಸಿಕೊಂಡು ಬೀಗರ ಕಡೆ ತಿರುಗಿ ನಕ್ಕರು: "ನಮ್ಮ ಮೇಷ್ಟ್ರಿಗೆ ತಮಾಷಿ ಜಾಸ್ತಿ."

ಊಟಕ್ಕೆ ಕರೆದೊಯ್ಯುವಾಗ ನಾಚಿಕೆಯಿಂದ ಕೇಳಿದೆ: "ಇಷ್ಟು ಜನರ ಮಧ್ಯೆ ನನ್ನನ್ನ ಹೆಂಗೆ ಗುರುತು ಹಿಡಿದ್ರಿ?"

ಸಾಬರು ದನಿ ತಗ್ಗಿಸಿದರು. "ನಿಮ್ಮ ಎಡಭುಜ ಅರ್ಧ ಇಂಚು ಇಳಿದೈತೆ. ಯಾರಿಗೂ ಕಾಣ್ದಂಗೆ ಹೊಲಿದು ಕೊಡ್ತಿದ್ದೆ. ಇವತ್ತು ರೆಡಿಮೇಡ್ ಹಾಕ್ಕೊಂಡು ಬಂದೀರಿ ನೋಡ್ರಿ, ಗೇಟಿನಿಂದಾನೇ ಕಾಣ್ತು."

ಊಟ ಮುಗಿಯುವವರೆಗೂ ನಾನು ಬಲಭುಜವನ್ನು ಅರ್ಧ ಇಂಚು ಇಳಿಸಿಕೊಂಡೇ ಕೂತಿದ್ದೆ.