ರೀ ಇಲ್ಲದ ಭಾಷಣ

ಟಿಂಗ್. ಹಿತ್ತಾಳೆಯ ಪುಟ್ಟ ಗಂಟೆಯ ಸದ್ದು. ನನಗೀಗ ಎಪ್ಪತ್ತೆಂಟು. ಆ ಗಂಟೆಯನ್ನು ಕೊನೆಯ ಸಲ ಕೇಳಿ ಅರವತ್ತು ವರ್ಷಗಳೇ ಆದವು. ಆದರೂ ಅಡುಗೆಮನೆಯಲ್ಲಿ ಚಮಚವೊಂದು ಬಿದ್ದು ಅಂಥ ಸದ್ದಾದರೆ ಸಾಕು, ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಬೋರ್ಡರ್ ಆಗಿದ್ದಾಗ ಪ್ರತಿ ಶುಕ್ರವಾರ ನಮಗೆ ಎಲೊಕ್ಯೂಶನ್ ಕ್ಲಾಸು. ಸಿಸ್ಟರ್ ಅಗಾಥಾ ಮೇಜಿನ ಮೇಲೆ ಗಂಟೆ ಇಟ್ಟುಕೊಂಡು ಕೂರುತ್ತಿದ್ದರು. ಮಾತಿನ ನಡುವೆ ನಾವು 'ಅಂ...' ಎಂದರೆ ಟಿಂಗ್. 'ಯು ನೋ' ಎಂದರೆ ಟಿಂಗ್. ಉಗುಳು ನುಂಗಿದರೂ ಟಿಂಗ್. "ಫಿಲ್ಲರ್ಸ್, ಗರ್ಲ್ಸ್! ತಲೆಯಲ್ಲಿ ಏನೂ ಇಲ್ಲದಾಗ ಬಾಯಿ ಮಾಡುವ ಸದ್ದು ಅದು!" ಎನ್ನುತ್ತಿದ್ದರು. ಮೆಟ್ರಿಕ್ಕಿಗೆ ಬರುವ ಹೊತ್ತಿಗೆ ನಾನು ಐದು ನಿಮಿಷ ಒಂದೂ ಟಿಂಗ್ ಇಲ್ಲದೆ ಮಾತಾಡಿ ಕಪ್ಪು ಗೆದ್ದೆ. ಅಂದಿನಿಂದ ಗಂಟೆ ಮೇಜು ಬಿಟ್ಟು ನನ್ನ ತಲೆಯೊಳಗೆ ಬಂದು ಕೂತಿತು.

ಇದರ ಮೊದಲ ಪೆಟ್ಟು ತಿಂದವರು ನನ್ನ ಯಜಮಾನರು. ಅವರು ಬೈಲಹೊಂಗಲ ಕೋರ್ಟಿನಲ್ಲಿ ವಕೀಲರು, ಸೊಗಸಾಗಿ ವಾದ ಮಾಡುತ್ತಾರೆಂದು ಹೆಸರು. ಮನೆಯಲ್ಲಿ ಮಾತ್ರ "ಅಂದ್ರ... ಏನಂದ್ರ..." ಎಂದೇ ಶುರು ಮಾಡುತ್ತಿದ್ದರು. ಮದುವೆಯ ಹೊಸತು, ಪ್ರೀತಿಯಿಂದಲೇ ನಾನು ತಟ್ಟೆಯ ಅಂಚಿಗೆ ಚಮಚ ತಾಗಿಸುತ್ತಿದ್ದೆ. ಟಿಂಗ್. ಕ್ರಮೇಣ ಅವರು 'ಅಂದ್ರ' ಬಿಟ್ಟರು, ಆಮೇಲೆ 'ಏನಂದ್ರ' ಬಿಟ್ಟರು, ಕೊನೆಗೆ ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟರು. ಅದನ್ನು ನಾನು ಬಹಳ ವರ್ಷ ಇಂಪ್ರೂವ್‌ಮೆಂಟ್ ಎಂದೇ ತಿಳಿದಿದ್ದೆ.

ನಮ್ಮ ಸೀಮೆಯ ಭಾಷಣಗಳ ಸಂಗತಿ ನಿಮಗೆ ಗೊತ್ತೇ ಇದೆ. "ಎರಡು ಮಾತಾಡಿ ಮುಗಿಸುತ್ತೇನೆ" ಎಂದವರು ಎರಡನೆಯ ಮಾತಿಗೆ ಬರುವಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿಯಾಗಿರುತ್ತವೆ. ವೇದಿಕೆಯ ಮೇಲಿನವರ ಹೆಸರು ಹೇಳಿ ಮುಗಿಸುವುದರೊಳಗೆ ಅವರಲ್ಲೊಬ್ಬರಿಗೆ ನಿದ್ದೆ ಹತ್ತಿರುತ್ತದೆ. ಇಂಗ್ಲಿಷ್ ಟೀಚರಾಗಿ ರಿಟೈರ್ ಆದ ಮೇಲೆ ಊರಿನ ಭಾಷಣಗಳನ್ನು ಸುಧಾರಿಸುವ ಭಾರ ನನ್ನ ಮೇಲಿದೆ ಎಂದು ನಾನೇ ತೀರ್ಮಾನಿಸಿಕೊಂಡೆ. ಯಾರೂ ಹಾಗೆಂದು ಕೇಳಿರಲಿಲ್ಲ. ನನ್ನ ಸ್ವಂತ ಕನ್ನಡ ಭಾಷಣದ ಕತೆ ಹೇಳಿಕೊಳ್ಳುವಂಥದ್ದಲ್ಲ: ಒಮ್ಮೆ ಕಿತ್ತೂರಿನ ಶಾಲೆಯೊಂದರ ಗ್ಯಾದರಿಂಗಿನಲ್ಲಿ ಇಳಿಹೊತ್ತು ನಾಲ್ಕು ಗಂಟೆಗೆ ಮೈಕಿನ ಮುಂದೆ ನಿಂತು "ಎಲ್ಲರಿಗೂ ಶುಭ ಮುಂಜಾನೆ" ಎಂದಿದ್ದೆ. ಆದರೆ ನಡುವೆ ಒಂದೂ 'ಅಂ' ಬಂದಿರಲಿಲ್ಲ, ನೆನಪಿರಲಿ.

ಹೀಗಿರುವಾಗ ಒಂದು ದಿನ ದಸ್ತಗೀರ ಬಂದ. ನಮ್ಮ ಓಣಿಯವನೇ, ಏಳನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಇಂಗ್ಲಿಷ್ ಕಲಿತವನು. ಅಂದರೆ, ಕಲಿಯದೆ ಹೋದವನು. ಮೂವತ್ತು ವರ್ಷ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ್ದರೂ ಟೀಚರಮ್ಮನಾದ ನನಗೆ ಇನ್ನೂ 'ಬಾಯಾರ' ಎಂದೇ ಅನ್ನುತ್ತಿದ್ದ. ಕುರ್ಚಿಯಲ್ಲಿ ಕೂರಲು ಅವನಿಗೆ ನಾಲ್ಕು ಕಂತು ಬೇಕಾದವು: ಮೊದಲು ಕೈ, ಆಮೇಲೆ ಮೊಣಕಾಲು, ಆಮೇಲೆ ಒಂದು 'ಯಾ ಅಲ್ಲಾ', ಕೊನೆಗೆ ಸೊಂಟ.

"ಬಾಯಾರ, ಡಾಕ್ಟರ್ ಇನ್ನ ಸ್ಟೇರಿಂಗ್ ಮುಟ್ಟಬ್ಯಾಡ ಅಂದಾರ್ರೀ. ಬೆನ್ನಾಗಿನ ಮಣಿ ಸವದಾವಂತ್ರೀ," ಎಂದ. "ಎಂ.ಕೆ. ಹುಬ್ಬಳ್ಳಿ ಕಡೆ ಒಂದು ಫ್ಯಾಕ್ಟರ್‍ಯಾಗ ಹೊಸಾ ಕೆಲಸ ತಗದಾರ್ರೀ. ಕಬ್ಬಿನ ಗಾಡಿ ಡ್ರೈವರ್ ಮಂದಿಗೆ ತಿಳಿಸಿ ಹೇಳೋದು. ಹಿಂದ ದೀಪಾ ಹಾಕ್ರಿ, ರೇಡಿಯಂ ಪಟ್ಟಿ ಬಡೀರಿ, ಅಳತಿ ಮೀರಿ ತುಂಬಬ್ಯಾಡ್ರಿ ಅಂತ. ಇಬ್ಬರ ಹೆಸರು ಹೋಗ್ಯಾವು. ಇಬ್ಬರೂ ದೊಡ್ಡ ಮಂದಿ ಮುಂದ ನಿಂತು ಐದೈದು ಮಿನಿಟ್ ಮಾತಾಡಬೇಕಂತ್ರೀ."

"ಕೆಲಸ ಸಿಗಲಿಲ್ಲ ಅಂದ್ರ?"

"ರಾಮದುರ್ಗಕ್ಕ ಹೋಗಿ ಹೇಣ್ತಿ ತಮ್ಮನ ಪಂಕ್ಚರ್ ಅಂಗಡ್ಯಾಗ ಸ್ಟೂಲ್ ಮ್ಯಾಲ ಕುಂದರಬೇಕ್ರೀ. ಅವ ಗಿರಾಕಿ ಮುಂದ ನನಗ 'ಭಾಯಿ, ಜರಾ ಚಾ ಹೇಳಿ ಬಾ' ಅಂತಾನ್ರೀ. ಡಬಲ್ ಟ್ರಾಲಿ ಎಳದಾಂವ ನಾ, ಬಾಯಾರ." ಇದನ್ನು ಹೇಳುವಾಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ನನಗೆ ಉತ್ಸಾಹ ಉಕ್ಕಿತು. ಮರುದಿನದಿಂದಲೇ ಕ್ಲಾಸು ಶುರು. ಸ್ಟೀಲಿನ ಬಟ್ಟಲು, ಚಮಚ ಹಿಡಿದು ನಾನು ಮಂಚದ ಮೇಲೆ ಕೂತೆ. ಬೀರುವನ್ನು ಫ್ಯಾಕ್ಟರಿಯ ಅಧ್ಯಕ್ಷರೆಂದೂ ಹೊಲಿಗೆ ಮಷೀನನ್ನು ಎಂ.ಡಿ. ಸಾಹೇಬರೆಂದೂ ತಿಳಿದು ಮಾತಾಡು ಎಂದೆ. ಅವನು ಬೀರುವಿಗೆ ಕೈಮುಗಿದು ಶುರು ಮಾಡಿದ: "ನಮಸ್ಕಾರ್ರೀ. ನಾನ್ರೀ, ದಸ್ತಗೀರ್ ರೀ. ಈಗ ಟ್ರ್ಯಾಕ್ಟರ್ ರೀ, ಅದರ ಹಿಂದ್ರೀ, ಎರಡು ಟ್ರಾಲಿ ರೀ, ತುಂಬಾ ಕಬ್ಬು ರೀ, ಹಿಂದ ದೀಪಾ ಇಲ್ರೀ..."

ನನ್ನ ತಲೆಯಲ್ಲಿ ಗಂಟೆಗಳ ಸುರಿಮಳೆ. ಎಣಿಸಿದೆ: ಎರಡು ನಿಮಿಷಕ್ಕೆ ನಲವತ್ತೊಂದು 'ರೀ'! ಸಿಸ್ಟರ್ ಅಗಾಥಾ ಇದ್ದಿದ್ದರೆ ಗಂಟೆಯ ನಾಲಗೆಯೇ ಕಿತ್ತು ಬರುತ್ತಿತ್ತು.

"ಸ್ಟಾಪ್. ದಸ್ತಗೀರ, ಈ 'ರೀ' ಅನ್ನೋದು ಫಿಲ್ಲರ್ ನೋಡು. ವೇದಿಕೆ ಮ್ಯಾಲ ಹತ್ತಿದ ಮ್ಯಾಲ ಒಂದೂ ಬಾಯಿಂದ ಬೀಳಬಾರದು."

"ಒಂದೂ ಬ್ಯಾಡೇನ್ರೀ?"

ಟಿಂಗ್.

"ಒಂದೂ ಬ್ಯಾಡೇನು?"

"ವೆರಿ ಗುಡ್."

ಹದಿನೈದು ದಿನ ಬಟ್ಟಲು ಬಾರಿಸಿದೆ. ಪಾಪ, ಅವನ ಶ್ರದ್ಧೆ ದೊಡ್ಡದು. ಎದುರಿನವರ ಕಣ್ಣಲ್ಲಿ ಕಣ್ಣಿಡು ಎಂದರೆ ಬೀರುವಿನ ಹಿಡಿಕೆಯನ್ನೇ ದಿಟ್ಟಿಸುತ್ತಿದ್ದ. ಸಭಿಕರಿಗೆ ಪ್ರಶ್ನೆ ಕೇಳು ಎಂದರೆ ಹೊಲಿಗೆ ಮಷೀನಿಗೆ ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುತ್ತಿದ್ದ. ಸಭೆ ಮೌನವಾದರೆ ಹೆದರಬೇಡ, ಮೆಚ್ಚಿದ್ದಾರೆಂದು ತಿಳಿ ಎಂದೂ ಕಲಿಸಿದೆ. ಹದಿನಾರನೆಯ ದಿನ ಅವನ ಭಾಷಣದಲ್ಲಿ ಹುಡುಕಿದರೂ ಒಂದು 'ರೀ' ಇರಲಿಲ್ಲ. ಬೀರುವಿಗೂ ಮಷೀನಿಗೂ ಮರ್ಯಾದೆ ಕಡಿಮೆಯಾಗಿದ್ದರೂ ಅವು ಹೇಳುವಂತಿರಲಿಲ್ಲ.

ಹೇಳುವಂಥವರು ಒಬ್ಬರು ಬಂದಿದ್ದರು, ನಾನು ಕೇಳಲಿಲ್ಲ. ದಸ್ತಗೀರನ ಹೆಂಡತಿ ಮುಮ್ತಾಜ್ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, "ಬಾಯಾರ, ಇವ್ರಿಗೆ ಅದೇನ್ ಕಲಿಸೀರ್ರೀ? ನಿನ್ನಿ ಓಣ್ಯಾಗ ಹಿರೇ ಗೌಡ್ರು ಎದರಾದ್ರ 'ಗೌಡ, ಎತ್ತಾಗ ಹೊಂಟಿ?' ಅಂದಾರ್ರೀ! ಗೌಡ್ರು ಹಂಗ ಗ್ವಾಡಿ ಹಿಡಕೊಂಡು ನಿಂತ್ರಿ. ಇವತ್ತ ಸಾಲಿ ಮಾಸ್ತರ್ರಿಗೆ 'ಬಾ, ಕುಂದರು' ಅಂದಾರು. ಓಣಿ ಮಂದಿ ಇವ್ರಿಗೆ ಗಾಳಿ ಬಡದೈತಿ ಅನ್ನಾಕ ಹತ್ತ್ಯಾರ್ರೀ," ಎಂದಳು.

"ಎಕ್ಸೆಲೆಂಟ್!" ಎಂದೆ ನಾನು. "ಪ್ರ್ಯಾಕ್ಟೀಸ್ ಮೈಯಾಗ ಇಳಿದದ ಅಂತಾತು."

ಆ ಒಂದಕ್ಷರದಲ್ಲಿ ನಮ್ಮ ಸೀಮೆಯ ಇಡೀ ಮರ್ಯಾದೆ ಕೂತಿದೆ ಎಂಬುದು ಸಿಸ್ಟರ್ ಅಗಾಥಾಗೆ ಗೊತ್ತಿರಲು ಸಾಧ್ಯವಿಲ್ಲ. ಅವರು ಕಡಲಾಚೆ ಹುಟ್ಟಿದವರು. ನನಗೆ ಗೊತ್ತಿರಬೇಕಿತ್ತು. ನಾನು ಹುಟ್ಟಿದ್ದು ಇದೇ ಸೀಮೆಯ ಚಚಡಿಯಲ್ಲಿ. ತರಕಾರಿಯವಳಿಗೂ ದಿನಕ್ಕೆ ಹತ್ತು ಸಲ "ಏನ್ರೀ, ಎಷ್ಟರೀ" ಎನ್ನುವವಳು ನಾನು. ಆದರೆ ಕಾನ್ವೆಂಟು ಕಲಿತವರಿಗೆ ಒಂದು ಕಾಯಿಲೆ ಇರುತ್ತದೆ: ಮನೆಯಲ್ಲಿ ಹುಟ್ಟಿನಿಂದ ಗೊತ್ತಿದ್ದದ್ದನ್ನು ಕ್ಲಾಸಿನಲ್ಲಿ ಮರೆಯುವುದು.

ಆ ದಿನ ಬಂತು. ಫ್ಯಾಕ್ಟರಿಯ ಸಭಾಭವನ, ವೇದಿಕೆಯ ಮೇಲೆ ಅಧ್ಯಕ್ಷರು, ಎಂ.ಡಿ. ಸಾಹೇಬರು, ಕೆಳಗೆ ನೂರಾರು ಡ್ರೈವರುಗಳು. ಗುರುವೆಂಬ ಹಕ್ಕಿನಿಂದ ನಾನು ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದೆ. ಮೊದಲು ಅದೇ ಕೆಲಸಕ್ಕೆ ಬಂದಿದ್ದ ಇನ್ನೊಬ್ಬರು, ಬೆಳಗಾವಿಯ ಎಂಜಿನಿಯರು, ಲ್ಯಾಪ್‌ಟಾಪ್ ಹಚ್ಚಿ ಪರದೆಯ ಮೇಲೆ ಚಿತ್ರ ತೋರಿಸಿದರು. ಬಾಣಗಳು ಹಾರಿ ಬಂದವು, ಅಕ್ಷರಗಳು ಗಿರಗಿರ ತಿರುಗಿದವು, ಬಣ್ಣದ ವೃತ್ತಗಳು ಒಡೆದು ಹೋಳಾದವು. ಕತ್ತಲೆ ಮಾಡಿದ್ದರಿಂದ ಡ್ರೈವರುಗಳು ಒಳ್ಳೆಯ ನಿದ್ದೆ ತೆಗೆದರು. ದೀಪ ಹತ್ತಿದಾಗ ಎಲ್ಲರೂ ಎಚ್ಚರಾಗಿ ಚಪ್ಪಾಳೆ ತಟ್ಟಿದರು.

ಆಮೇಲೆ ದಸ್ತಗೀರ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೈಕು ಹಿಡಿದು ಅಧ್ಯಕ್ಷರ ಕಣ್ಣಲ್ಲಿ ಕಣ್ಣಿಟ್ಟ.

"ಅಧ್ಯಕ್ಷ, ನಮಸ್ಕಾರ. ಎಂ.ಡಿ., ನೀನೂ ಬಂದಿ, ಭಾಳ ಸಂತೋಷ."

ಅಧ್ಯಕ್ಷರ ಕೈಯಲ್ಲಿದ್ದ ಚಹಾದ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಡ್ರೈವರು, "ಲೇ ದಸ್ತಗೀರ, ಕುಡದ ಬಂದಿಯೇನಲೇ?" ಎಂದು ಕೂಗಿದ. ಐದು ಹೊತ್ತು ನಮಾಜು ಮಾಡುವ ದಸ್ತಗೀರ ಬೆಚ್ಚಿ ನನ್ನ ಕಡೆ ನೋಡಿದ. ಸಭೆಯಲ್ಲಿ ಗಾಢ ಮೌನ. ಮೌನವಾದರೆ ಮೆಚ್ಚಿದಂತೆ ಎಂದು ನಾನೇ ಕಲಿಸಿದ್ದೆನಲ್ಲ! ಮುಂದುವರಿಸು ಎಂದು ಕೈ ಮಾಡಿದೆ.

ಅವನು ಧೈರ್ಯ ತಂದುಕೊಂಡು ಎಂ.ಡಿ. ಸಾಹೇಬರತ್ತ ತಿರುಗಿದ. "ಎಂ.ಡಿ., ನೀ ಕಾರಿನ್ಯಾಗ ಹೊಂಟಿ. ಕತ್ತಲಿ. ಮುಂದ ಕಬ್ಬಿನ ಟ್ರಾಲಿ ನಿಂತೈತಿ, ಹಿಂದ ದೀಪಾ ಇಲ್ಲ, ಪಟ್ಟಿ ಇಲ್ಲ. ಏನ್ ಮಾಡ್ತಿ? ಹೇಳು."

ಎಂ.ಡಿ. ಸಾಹೇಬರನ್ನು ಯಾರಾದರೂ ಹೀಗೆ ಏಕವಚನದಲ್ಲಿ ಪ್ರಶ್ನೆ ಕೇಳಿ ಎಷ್ಟು ವರ್ಷವಾಗಿತ್ತೋ. ಶಾಲೆಯ ಹುಡುಗನ ಹಾಗೆ ಎದ್ದು ನಿಂತು, "ಬ್ರೇಕ್ ಹಾಕ್ತೇನಿ," ಎಂದುಬಿಟ್ಟರು.

"ತಡಾ ಆತು," ಎಂದ ದಸ್ತಗೀರ. "ನೀ ಸತ್ತಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಅದು ಕೇಳಿಸಿತೆಂದು ಕಾಣುತ್ತದೆ. ಮುಖ ಬಿಳಿಚಿತು, ಕೈ ಬಾಯಿಗೆ ಹೋಯಿತು. "ಯಾ ಅಲ್ಲಾ! ತಪ್ಪಾತ್ರೀ ಸಾಹೇಬ್ರ! ಸತ್ರಿ ಅನ್ನಬೇಕಾಗಿತ್ರೀ! ನೀವು ಸತ್ರಿ ಸಾಹೇಬ್ರ... ಅಲ್ರೀ, ಸಾಯಬ್ಯಾಡ್ರೀ! ನೀವು ನೂರು ವರ್ಷ ಇರಬೇಕ್ರೀ!" ಹದಿನೈದು ದಿನ ಕಟ್ಟಿಟ್ಟ 'ರೀ'ಗಳೆಲ್ಲ ಒಡ್ಡು ಒಡೆದು ಬಂದವು. ಡ್ರೈವರುಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ಬಾಯಾರ ಹೇಳಿದ್ರ್ರೀ, ಒಂದೂ ರೀ ಅನಬ್ಯಾಡ ಅಂತ. ಅಲ್ಲೇ ಕುಂತಾರ್ರೀ, ನಮ್ಮ ಬಾಯಾರು!" ಎಂದು ಅವನು ನನ್ನ ಕಡೆ ಬೆರಳು ತೋರಿಸಿದ.

"ಯಾರು? ಯಾವ ಬಾಯಾರು?" ಎಂದು ಎಂ.ಡಿ. ಸಾಹೇಬರು ಕೇಳಿದರು.

ನೂರಾರು ತಲೆಗಳು ನನ್ನತ್ತ ತಿರುಗಿದವು. ಆಗ ಮಾಡಿದ್ದನ್ನು ನಾನೇ ಮಾಡಿದ್ದೆಂದು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ನಾನೂ ಹಿಂದೆ ತಿರುಗಿ ನೋಡಿದೆ. ಯಾವ ಬಾಯಾರಿರಬಹುದು ಎಂಬ ಕುತೂಹಲ ಮುಖದ ಮೇಲೆ ತಂದುಕೊಂಡು, ಸರಿಯಾದ ಎಕ್ಸ್‌ಪ್ರೆಶನ್ ಸಮೇತ, ಎರಡನೆಯ ಸಾಲು, ಮೂರನೆಯ ಸಾಲು, ಎಲ್ಲ ಹುಡುಕಿದೆ.

ದಸ್ತಗೀರನ ಬೆರಳು ನಿಧಾನಕ್ಕೆ ಇಳಿಯಿತು. "ಇಲ್ರೀ... ನನ್ನ ತಪ್ಪ್ರೀ," ಎಂದ. ಮಿಕ್ಕ ಮೂರು ನಿಮಿಷ ಡ್ರೈವರುಗಳತ್ತ ತಿರುಗಿ ತನ್ನ ಮಾತಿನಲ್ಲೇ ಮಾತಾಡಿದ. ಯಾರೂ ಕಣ್ಣು ಮುಚ್ಚಲಿಲ್ಲ.

ಎಂಟು ದಿನಕ್ಕೆ ಪೇಢೆ ಡಬ್ಬಿ ಹಿಡಿದು ಮನೆಗೆ ಬಂದ. "ಕೆಲಸ ಆತ್ರೀ ಬಾಯಾರ! ಎಂ.ಡಿ. ಸಾಹೇಬ್ರು ಅಂದ್ರು, 'ಆವತ್ತಿಂದ ಕಾರ್ ಹತ್ತಿದಾಗೊಮ್ಮೆ ಮುಂದ ಟ್ರಾಲಿ ಕಂಡಂಗಾಗತೈತಿ ನೋಡು ದಸ್ತಗೀರ' ಅಂತ. ಒಂದ ಕಂಡೀಷನ್ ಹಾಕ್ಯಾರ್ರೀ, ಇನ್ನೊಮ್ಮೆ ಅಧ್ಯಕ್ಷರ ಮುಂದ ಯಾರನ್ನೂ ಸಾಯಿಸಬಾರ್ದಂತ." ನಕ್ಕು ನಕ್ಕು ಸೊಂಟ ಹಿಡಿದುಕೊಂಡ. ಹಿಂದೆ ತಿರುಗಿ ನೋಡಿದ ವಿಷಯ ಅವನು ಎತ್ತಲಿಲ್ಲ. "ಎಲ್ಲಾ ನಿಮ್ಮ ಆಶೀರ್ವಾದ್ರೀ" ಎಂದ. ಸುಮ್ಮನಿರಬಹುದಿತ್ತು. "ಐ ನ್ಯೂ ಇಟ್" ಎಂದು ಪೇಢೆ ಬಾಯಿಗೆ ಹಾಕಿಕೊಂಡೆ. ಮುಂದೆ ಲೇಡೀಸ್ ಕ್ಲಬ್ಬಿನಲ್ಲಿ, ಮದುವೆ ಪಂಕ್ತಿಗಳಲ್ಲಿ, ದೇಗಾಂವದ ಗುಡಿ ನೋಡಲು ಬಂದ ನೆಂಟರ ಮುಂದೆ, 'ನನ್ನ ಸ್ಟೂಡೆಂಟ್ ದಸ್ತಗೀರ' ಎಂದು ಎಷ್ಟು ಸಲ ಹೇಳಿಕೊಂಡೆನೋ. ಕೆಲಸ ಸಿಕ್ಕಿದ್ದು ನನ್ನ ಟ್ರೇನಿಂಗಿನಿಂದ. 'ನೀ ಸತ್ತಿ' ಅಂದದ್ದು ಮಾತ್ರ ಅವನ ಸ್ವಂತ ಪೆದ್ದತನ. ಕತೆ ಹೀಗೆ ಹರಡಿತು.

ಅವನನ್ನು ಕೊನೆಯ ಸಲ ನೋಡಿದ್ದು ಕಳೆದ ಕಬ್ಬಿನ ಹಂಗಾಮಿನಲ್ಲಿ. ಸವದತ್ತಿಯಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಬಸ್ಸು ನಿಂತಿತು. ರಸ್ತೆಯ ಬದಿಗೆ ಹಳದಿ ಜಾಕೀಟು ತೊಟ್ಟ ದಸ್ತಗೀರ ಒಂದು ಟ್ರಾಲಿಗೆ ರೇಡಿಯಂ ಪಟ್ಟಿ ಅಂಟಿಸುತ್ತ ಡ್ರೈವರನಿಗೆ ಏನೋ ಹೇಳುತ್ತಿದ್ದ. ಕಿಟಕಿಯಿಂದ ಕೂಗಿದೆ. ಕುಂಟುತ್ತ ಓಡಿಬಂದ.

"ಬಾಯಾರ! ಆರಾಮ ಅದೀರೇನ್ರೀ? ಎಷ್ಟ ಸೊರಗೀರ್ರೀ!"

ಹೇಳಬೇಕಾದ ಮಾತು ಎಷ್ಟೋ ದಿನದಿಂದ ತಯಾರಿತ್ತು. ಮೂರೇ ವಾಕ್ಯ. ತಪ್ಪು ನಂದಪಾ. ನಾ ಹಿಂದ ತಿರುಗಿ ನೋಡಬಾರದಿತ್ತು. ಮನಸ್ಸಿಗೆ ಹಚ್ಚಿಕೋಬ್ಯಾಡ. ಕನ್ನಡಿಯ ಮುಂದೆ ರಿಹರ್ಸಲ್ಲೂ ಆಗಿತ್ತು. ಕಂಡಕ್ಟರ್ ಸೀಟಿ ಊದಿದ. ಬಾಯಿ ತೆರೆದೆ.

"ನೆಟ್ಟಗ ನಿಂದರು ದಸ್ತಗೀರ, ಹಿಂಗ ಬಗ್ಗಿ ಮಾತಾಡಬಾರದು," ಎಂದೆ.

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದು ಸವೆದ ಬೆನ್ನಿಗೆ ಎರಡೂ ಕೈ ಆನಿಸಿ, ಹಲ್ಲು ಕಚ್ಚಿ, ನಗುತ್ತ ಅವನು ನೆಟ್ಟಗೆ ನಿಂತ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಹಾಗೆಯೇ ನಿಂತಿದ್ದ.

ಪಕ್ಕದ ಸೀಟಿನ ಹೆಣ್ಣುಮಗಳು "ಯಾರ್ರೀ ಅವರು?" ಎಂದು ಕೇಳಿದಳು. ಬೈಲಹೊಂಗಲ ಬರುವ ತನಕ ಕತೆಯೆಲ್ಲ ಹೇಳಿದೆ. ಚೆನ್ನಾಗಿ ಹೇಳಿದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ದನಿ ಏರಿಸಬೇಕಾದಲ್ಲಿ ಏರಿಸಿ. ಈ ಸಲ ಏನನ್ನೂ ಬಿಡಲಿಲ್ಲ, ಹಿಂದೆ ತಿರುಗಿ ನೋಡಿದ್ದನ್ನೂ ಹೇಳಿದೆ. ಆಕೆ ನಗು ನಿಲ್ಲಿಸಿ, "ಅಯ್ಯ, ಎಂಥಾ ಬಾಯಾರ್ರೀ ಆಕಿ! ಯಾರ್ರೀ ಆಕಿ?" ಎಂದಳು.

"ಇದ್ದಳು ಒಬ್ಬಾಕಿ, ನಮ್ಮ ಸಾಲ್ಯಾಗ," ಎಂದೆ.