ಬಂಗಲೆ ಬೇಡವೆಂದವಳು ಮತ್ತು ಕೊನೆಯ ಫಾರಂ

ನಮ್ಮ ಬೈಂಡರ್ ಮಹಾಶಯರ ಮನೆಯ ಶಾಂತಿ ಕೆಟ್ಟದ್ದು ಒಂದು ಇಂಗ್ಲಿಷ್ ಕಾದಂಬರಿಯಿಂದ. ಅದರ ಒಂದಕ್ಷರವನ್ನೂ ಅವರು ಓದಿರಲಿಲ್ಲ ಎಂಬುದು ಬೇರೆ ಮಾತು.

ಪುಸ್ತಕ ಊರಿನ ಡಾಕ್ಟರಮ್ಮನದು, ಅವರ ತಾಯಿ ಓದಿ ಓದಿ ಬೆನ್ನು ಕಿತ್ತುಹೋದದ್ದು. ಶನಿವಾರ ಸಂಜೆ ಪರವೂರಿಗೆ ಹೊರಡುವ ತಮ್ಮ ಮಗಳ ಕೈಗೆ ಡಾಕ್ಟರಮ್ಮ ಅದನ್ನು ಹೊಸ ರಟ್ಟಿನಲ್ಲಿ ಕೊಡಬೇಕಿತ್ತು. ಅಂಗಡಿಯಲ್ಲಿ ಕೆಲಸದ ಹಂಚಿಕೆ ಸರಳ: ಮಡಿಸಿದ ಹಾಳೆಗಳ ಫಾರಂಗಳನ್ನು ಜೋಡಿಸಿ ಹೊಲಿಯುವುದು ಹೆಂಡತಿ, ರಟ್ಟು ಅಂಟಿಸಿ ‘ನನ್ನ ಕೈಕೆಲಸ’ ಎನ್ನುವುದು ಗಂಡ. ಈ ಸಲ ಇಂಗ್ಲಿಷ್ ಬಲ್ಲ ಹೆಂಡತಿ ಒಂದೊಂದು ಫಾರಮನ್ನೂ ಓದಿಯೇ ಹೊಲಿಯತೊಡಗಿದಳು.

“ಎಲ್ಲಿಗೆ ಬಂತು?”

“ಬಂಗಲೆ ಸಾಹುಕಾರ ಮದುವೆ ಆಗು ಅಂದ. ಈ ಕಥೆ ಹುಡುಗಿ ಆಗಲ್ಲ ಅಂದ್ಲು.”

“ಹೊಲಿಗೆ ಎಲ್ಲಿಗೆ ಬಂತು ಅಂದೆ! ಅಲ್ಲ, ಬಂಗಲೆ ಬೇಡ ಅಂದ್ಲಾ? ತಲೆ ಕೆಟ್ಟಿದೆಯಾ ಅವಳಿಗೆ?”

“ಅವನು ಕೇಳ್ಲಿಲ್ಲ ರೀ, ಅಪ್ಪಣೆ ಕೊಡಿಸಿದ. ಇನ್ನು ಮೇಲೆ ನೀವೂ ಅಷ್ಟೆ. ಹೊಲಿ ಅನ್ಬೇಡಿ. ಹೊಲಿದು ಕೊಡ್ತೀಯಾ ಅಂತ ಕೇಳಿ.”

ಮದುವೆಯಾದಂದಿನಿಂದ ಮಹಾಶಯರು ಹೆಂಡತಿಯನ್ನು ಏನನ್ನೂ ಕೇಳಿದವರಲ್ಲ (ಕನ್ನಡಕ ಎಲ್ಲಿದೆ ಎಂಬುದೊಂದನ್ನು ಬಿಟ್ಟು). ಅವರಿಗೆ ಉರಿದುಹೋಯಿತು. ಆಕೆ ನೀರು ಕುಡಿಯಲು ಎದ್ದಾಗ ಕೊನೆಯ ಫಾರಮನ್ನು ಎತ್ತಿ ತಮ್ಮ ಸ್ಟೂಲಿನ ದಿಂಬಿನಡಿ ತುರುಕಿ, ಅದರ ಮೇಲೆ ಗಂಭೀರವಾಗಿ ಆಸೀನರಾದರು.

“ಕೊನೆ ಏನಾಯ್ತು ಅಂತ ತಿಳೀಬೇಕಾದ್ರೆ ಮೊದಲು ಹೊಲಿ.”

ಹೆಂಡತಿ ಸೂಜಿ ಕೆಳಗಿಟ್ಟಳು. “ಹಾಗಾದ್ರೆ ನೀವೇ ಹೊಲ್ಕೊಳ್ಳಿ.”

ಹೊಲಿದರು! ಹಟಕ್ಕೆ ಬಿದ್ದು ಹೊಲಿದರು. ಬೆರಳಿಗೆಲ್ಲ ಚುಚ್ಚಿಕೊಂಡು, ದಾರಕ್ಕೂ ಹೆಂಡತಿಗೂ ಸೇರಿಸಿ ಶಾಪ ಹಾಕುತ್ತ ಮುಗಿಸಿದರು. ಬೆನ್ನಿಗೆ ಅಂಟು ಬಳಿದು ರಟ್ಟು ಕೂರಿಸಿ ಪ್ರೆಸ್ಸಿಗೆ ಹಾಕಿದರು. ಶನಿವಾರ ಡಾಕ್ಟರಮ್ಮ ಬಂದಾಗ ಪುಸ್ತಕ ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು.

“ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದೀರಿ! ಒಬ್ಬರೇ ಮಾಡಿದ್ರಾ?”

“ನನ್ನ ಕೈಕೆಲಸ,” ಎಂದು ಮಹಾಶಯರು ಗೌರವದಿಂದ ಎದ್ದು ನಿಂತರು. ದಿಂಬು ಜಾರಿತು. ಹಟದಲ್ಲಿ ಅವರು ಮರೆತೇಬಿಟ್ಟಿದ್ದ ಕೊನೆಯ ಫಾರಂ ಡಾಕ್ಟರಮ್ಮನ ಕಾಲ ಬಳಿ ಬಿತ್ತು.

ಡಾಕ್ಟರಮ್ಮನ ಮುಖ ಬಾಡಿತು. “ಅಮ್ಮ ಅದೇ ಭಾಗ ಓದಿ ಓದಿ ಅಳ್ತಾ ಇದ್ರು. ಮಗಳ ಗಾಡಿಗೆ ಇನ್ನೊಂದೇ ಗಂಟೆ ಇದೆ.”

ಬೆನ್ನು ಬಿಚ್ಚಿ, ಹಳೆಯ ಕಾಗದ ಹರಿಯದಂತೆ ಅಷ್ಟು ಬೇಗ ಮತ್ತೆ ಹೊಲಿಯಬಲ್ಲ ಕೈ ಆ ಅಂಗಡಿಯಲ್ಲಿ ಒಂದೇ ಇತ್ತು. ಅದು ಸದ್ಯ ಕಿಟಕಿಯ ಬಳಿ ಸೆರಗಿನ ತುದಿ ಸುತ್ತುತ್ತ ಕೂತಿತ್ತು. ಮಹಾಶಯರು ಗಂಟಲು ಸರಿಮಾಡಿಕೊಂಡರು. ಅವಮಾನ ನಿಜವಾಗಿಯೂ ಆಗುತ್ತಿತ್ತು.

“ಹೊಲಿದು... ಕೊಡ್ತೀಯಾ?”

ಹೆಂಡತಿ ಫಾರಮನ್ನು ಎತ್ತಿಕೊಂಡು, ಅವರದೇ ಸ್ಟೂಲಿನ ಮೇಲೆ ಕೂತು, ಓದತೊಡಗಿದಳು. ಒಂದು ಪುಟ. ಎರಡು ಪುಟ. ಡಾಕ್ಟರಮ್ಮ ಗಡಿಯಾರ ನೋಡಲಿಲ್ಲ. ಓದುವವಳ ಮುಖವನ್ನೇ ನೋಡುತ್ತ ನಿಂತರು. ಕೊನೆಗೆ ತಡೆಯಲಾರದೆ ಕೇಳಿದ್ದು ಮಹಾಶಯರೇ.

“ಒಪ್ಪಿದ್ಲಾ?”

“ಒಪ್ಪಿದ್ಲು. ಎರಡನೇ ಸಲ ಸರಿಯಾಗಿ ಕೇಳ್ದ.” ಹೆಂಡತಿ ಸೂಜಿಗೆ ದಾರ ಪೋಣಿಸಿ ಗಂಡನ ಕಡೆ ನೋಡಿದಳು. “ನೀವೂ ಇನ್ನೊಂದ್ಸಲ ಕೇಳಿ.”